ಮಕ್ಕಳ ಕ್ಯಾಥೊಲಿಕ್ ಸ್ಕೂಲಲ್ಲಿ ಅಬೊರಿಜಿನಲ್ ಆಧ್ಯಾತ್ಮ, ರೆಕನ್ಸಿಲಿಯೇಶನ್: ಆಸ್ಟ್ರೇಲಿಯಾದಲ್ಲಿರೋ ನಮ್ಮವರು ಎಲ್ಲಿಂದ ಶುರು ಮಾಡೋದು

ಮೊದಲೇ ಒಂದು ಮಾತು, ಈ ಬರಹದಲ್ಲಿ ತೀರಿಹೋದ ಟೋರಸ್ ಸ್ಟ್ರೇಟ್ ಐಲ್ಯಾಂಡರ್ (ಆಸ್ಟ್ರೇಲಿಯಾದ ಉತ್ತರ ತುದಿಯ ದ್ವೀಪಗಳ ಮೂಲನಿವಾಸಿ) ಹಿರಿಯರ ಹೆಸರು ಬರುತ್ತೆ. ಇದನ್ನ ಯಾಕೆ ಮುಂಚೆನೇ ಹೇಳ್ತಿದ್ದೀನಿ ಅನ್ನೋದು ಕೆಳಗೆ ಗೊತ್ತಾಗುತ್ತೆ.

ಪ್ರತಿ ವರ್ಷ ಮೇ ತಿಂಗಳು ಬಂದ್ರೆ ನಮ್ಮ ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ, ರೆಕನ್ಸಿಲಿಯೇಶನ್ ವೀಕ್‌ಗೆ (ಇಲ್ಲಿನ ಮೂಲನಿವಾಸಿಗಳಿಗೂ ಉಳಿದವರಿಗೂ ಮಧ್ಯದ ಸಂಬಂಧ ಸರಿ ಮಾಡ್ಕೊಳ್ಳೋಕೆ ಅಂತ ಇರೋ ವಾರ) ಮಗು ಯಾವ ಕಲರ್ ಬಟ್ಟೆ ಹಾಕೊಂಡು ಹೋಗ್ಬೇಕು, ಏನಾದ್ರೂ ತಿಂಡಿ ಮಾಡಿ ಕಳಿಸ್ಬೇಕಾ. ಅದರ ಹಿಂದೇನೇ ಯಾರಾದ್ರೂ ಒಬ್ರು ಬರೀತಾರೆ, "ನಾವು ಮೊನ್ನೆ ಮೊನ್ನೆ ಬಂದವರು, ಈ ಜಾಗ ಕಿತ್ಕೊಂಡಿದ್ದು ನಾವಲ್ಲ, ನಮಗೂ ಇದಕ್ಕೂ ಏನು ಸಂಬಂಧ?" ಮೊದಲ ಎರಡು ವರ್ಷ ನನಗೂ ಹಾಗೇ ಅನಿಸಿತ್ತು. ನಾನು ಮಂಗಳೂರು ಕಡೆಯವಳು, ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮೀಡಿಯಂ, ಈಗ ಮೆಲ್ಬರ್ನ್ ಪಶ್ಚಿಮದಲ್ಲಿ ಇದ್ದೀನಿ, ಇಬ್ಬರು ಮಕ್ಕಳೂ ಕ್ಯಾಥೊಲಿಕ್ ಪ್ರೈಮರಿ ಸ್ಕೂಲಲ್ಲಿ. ಸ್ಕೂಲಿನ ರೆಕನ್ಸಿಲಿಯೇಶನ್ ಗುಂಪಲ್ಲಿ ಪೇರೆಂಟ್ ಆಗಿ ಕೂತು ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ಇಲ್ಲಿನ ಕ್ಯಾಥೊಲಿಕ್ ಸ್ಕೂಲುಗಳಲ್ಲಿ ನಮ್ಮ ದೇಶದ ಮಕ್ಕಳು ತುಂಬಾ ಇದ್ದಾರೆ, ಹಿಂದೂ ಮನೆಯವರೂ ಸೇರಿ, ಹಾಗಾಗಿ ಇದು ಕ್ರಿಶ್ಚಿಯನ್ನರಿಗೆ ಮಾತ್ರ ಅಂದ್ಕೋಬೇಡಿ.

ಆ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ನಾವು ಕಿತ್ಕೊಳ್ಳಲಿಲ್ಲ ನಿಜ, ಆದ್ರೆ ಕಿತ್ಕೊಂಡ ಜಾಗದಲ್ಲೇ ಮನೆ ತಗೊಂಡಿದ್ದೀವಿ, ಅದೇ ನೆಲದ ಮೇಲೆ ಕಟ್ಟಿದ ಸ್ಕೂಲಿಗೆ ಫೀಸ್ ಕಟ್ತಿದ್ದೀವಿ. ಬೇರೆಯವರ ಮನೆಗೆ ಹೋದ್ರೆ ಮನೆ ಯಜಮಾನರು ಯಾರು ಅಂತಾದ್ರೂ ಕೇಳ್ತೀವಲ್ಲ.

ಹೆಜ್ಜೆ 1: ನಿಮ್ಮ ಸ್ಕೂಲು ಯಾರ ನೆಲದಲ್ಲಿದೆ ಅಂತ ತಿಳ್ಕೊಳ್ಳಿ

"ಅಬೊರಿಜಿನಲ್ ಜನ" ಅಂತ ಒಂದೇ ಜನಾಂಗ ಇಲ್ಲ. ಬಿಳಿಯರು ಬರೋ ಮುಂಚೆ ಇಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು, ಪ್ರತಿಯೊಂದು ಜನಕ್ಕೂ ಅವರದ್ದೇ ನೆಲ, ಅವರದ್ದೇ ಕಥೆ, ಅವರದ್ದೇ ಕಾನೂನು. ಸಿಡ್ನಿ ಸಿಟಿ ಗಾಡಿಗಲ್ ಜನರ ನೆಲ, ಪರಮಾಟಾ ಬ್ಲ್ಯಾಕ್‌ಟೌನ್ ಕಡೆ ಹೋದ್ರೆ ದರುಗ್, ಅಡಿಲೇಡ್ ಅಂದ್ರೆ ಕೌರ್ನಾ, ಪರ್ತ್ ಅಂದ್ರೆ ವಜುಕ್ ನೂಂಗಾರ್. ನಮ್ಮ ಮೆಲ್ಬರ್ನಲ್ಲಿ ಒಂದೇ ಊರೊಳಗೂ ಬೇರೆ ಬೇರೆ ಇದೆ, ವುರುಂಡ್ಜೆರಿ ವೊಯ್-ವುರಂಗ್ ಮತ್ತೆ ಬುನುರಾಂಗ್ ಜನರ ಮಧ್ಯದ ಗಡಿಯನ್ನ 2021ರ ಜುಲೈ 1ರಿಂದ ಹೊಸದಾಗಿ ಗುರುತು ಮಾಡಿದ್ದಾರೆ, ಪಶ್ಚಿಮಕ್ಕೆ ಬಂದ್ರೆ ವೆರಿಬೀ ನದಿಯ ಆಚೆ ವದಾವುರಂಗ್ ಜನರ ನೆಲ. ಹಾಗಾಗಿ ಪಕ್ಕದ ಸಬರ್ಬಿನ ಸ್ಕೂಲಿನವರು ಹೇಳೋ ಹೆಸರನ್ನ ಹಾಗೇ ಕಾಪಿ ಮಾಡಿದ್ರೆ ತಪ್ಪಾಗೋ ಚಾನ್ಸ್ ಜಾಸ್ತಿ. ನಿಮ್ಮ ಕೌನ್ಸಿಲ್ ವೆಬ್‌ಸೈಟಲ್ಲಿ ನೋಡಿ, ಅನುಮಾನ ಇದ್ರೆ ಆ ನೆಲದ ಜನರ ಸಂಸ್ಥೆಗೇ ಫೋನ್ ಮಾಡಿ ಕೇಳಿ. ವಿಕ್ಟೋರಿಯಾದಲ್ಲಿ ಬುನುರಾಂಗ್ ಲ್ಯಾಂಡ್ ಕೌನ್ಸಿಲ್, ವುರುಂಡ್ಜೆರಿ ಕಾರ್ಪೊರೇಶನ್ ಹೀಗೆ ಇವೆ, ನ್ಯೂ ಸೌತ್ ವೇಲ್ಸಲ್ಲಿ ಲೋಕಲ್ ಅಬೊರಿಜಿನಲ್ ಲ್ಯಾಂಡ್ ಕೌನ್ಸಿಲ್‌ಗಳು.

ಹೆಸರು ಗೊತ್ತಾದ್ಮೇಲೆ ಸರಿಯಾಗಿ ಉಚ್ಚಾರ ಮಾಡೋದು ಕಲೀರಿ. ಇದರಲ್ಲಿ ನಮಗೆ ಒಂದು ಲಾಭ ಇದೆ, ನನಗೆ ತುಂಬಾ ಖುಷಿ ಕೊಟ್ಟ ವಿಷಯ ಇದು. ನಮ್ಮ ವರ್ಣಮಾಲೆಯಲ್ಲಿ "ಙ" ಅಂತ ಒಂದು ಅಕ್ಷರ ಇದೆಯಲ್ಲ, ಚಿಕ್ಕವರಿದ್ದಾಗ ಬಾಯಿಪಾಠ ಮಾಡಿ ಆಮೇಲೆ ಎಲ್ಲೂ ಬಳಸಿಲ್ಲ, ಅದೇ ಶಬ್ದ ಇಲ್ಲಿನ ಎಷ್ಟೋ ಭಾಷೆಗಳಲ್ಲಿ ಪದದ ಶುರುವಿಗೇ ಬರುತ್ತೆ. ಕ್ಯಾನ್‌ಬೆರಾ ಕಡೆಯ ಜನ "ಙುನ್ನವಾಲ್". ಉಲುರು ಬಂಡೆಯ ಒಡೆಯರು "ಅಣಂಗು", ಅಲ್ಲಿರೋದು ನಮ್ಮ ಣ-ನೇ. ಇಂಗ್ಲಿಷ್ ಮಾತಾಡೋ ಟೀಚರ್‌ಗಳು ಒದ್ದಾಡೋ ಟ, ಣ, ಳ ತರಹದ ಶಬ್ದಗಳು ನಮ್ಮ ಮಕ್ಕಳ ನಾಲಿಗೇಲಿ ಮೊದಲೇ ಇವೆ. ನನ್ನ ಮಗ ಅಸೆಂಬ್ಲಿಯಲ್ಲಿ ಹೆಸರು ಸರಿಯಾಗಿ ಹೇಳಿದ್ದಕ್ಕೆ ಅವತ್ತು ಬಂದಿದ್ದ ಎಲ್ಡರ್ (ಆ ನೆಲದ ಜನರ ಹಿರಿಯರು) ಒಬ್ರು ತಿರುಗಿ ನೋಡಿ ನಕ್ಕಿದ್ರು, ಅವನು ಇನ್ನೂ ಅದನ್ನ ಮರೆತಿಲ್ಲ.

ಹೆಜ್ಜೆ 2: ವೆಲ್ಕಮ್ ಬೇರೆ, ಅಕ್ನಾಲಜ್‌ಮೆಂಟ್ ಬೇರೆ

ಇದನ್ನ ತುಂಬಾ ಜನ ಗೊಂದಲ ಮಾಡ್ಕೊಳ್ತಾರೆ. "ವೆಲ್ಕಮ್ ಟು ಕಂಟ್ರಿ" ಹೇಳೋ ಹಕ್ಕು ಆ ನೆಲದ ಒಡೆಯರಿಗೆ, ಅವರ ಹಿರಿಯರಿಗೆ, ಅಥವಾ ಅವರು ಒಪ್ಪಿದವರಿಗೆ ಮಾತ್ರ. ಮನೆಯವರೇ ಬಾಗಿಲಲ್ಲಿ ನಿಂತು ಒಳಗೆ ಬನ್ನಿ ಅಂದ ಹಾಗೆ. "ಅಕ್ನಾಲಜ್‌ಮೆಂಟ್ ಆಫ್ ಕಂಟ್ರಿ" ಯಾರು ಬೇಕಾದ್ರೂ ಹೇಳಬಹುದು, ನೀವು, ನಾನು, ಪ್ರೆಪ್ (ಸ್ಕೂಲಿನ ಮೊದಲ ವರ್ಷ) ಮಗು. ಅದು ಬಂದವರು ಮನೆಯವರನ್ನ ನೆನೆಯೋದು. ಹಾಗಾಗಿ ಸ್ಕೂಲ್ ಫಂಕ್ಷನ್ನಲ್ಲಿ ನಿಮ್ಮನ್ನ ಮೈಕ್ ಮುಂದೆ ಕರೆದು ವೆಲ್ಕಮ್ ಮಾಡಿ ಅಂದ್ರೆ, ನಾನು ಅಕ್ನಾಲಜ್‌ಮೆಂಟ್ ಹೇಳ್ತೀನಿ ಅಂತ ತಿದ್ದಿ.

ಅಕ್ನಾಲಜ್‌ಮೆಂಟ್‌ನ ಒಂದೇ ಶೀಟ್ ಪ್ರಿಂಟ್ ಮಾಡಿ ವರ್ಷಗಟ್ಟಲೆ ಓದಿಸಿದ್ರೆ ಮಕ್ಕಳಿಗೆ ಅದು ಹಾಜರಿ ಕೂಗಿದ ಹಾಗೆ ಆಗ್ಬಿಡುತ್ತೆ. ನಮ್ಮ ಸ್ಕೂಲಲ್ಲಿ ಪ್ರತಿ ಕ್ಲಾಸಿನವರೂ ತಾವೇ ಬರೆದ್ರು, ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ ಇಲ್ಲಿ ಯಾವ ಮರ ಇದೆ, ಯಾವ ಹಕ್ಕಿ ಬರುತ್ತೆ, ನೀರು ಎಲ್ಲಿಗೆ ಹರಿಯುತ್ತೆ ಅಂತ ನೋಡಿ ಬರೆಸಿದ್ರು. ಒಂದು ಕ್ಲಾಸಿನದ್ದನ್ನ ಕನ್ನಡದಲ್ಲಿ ಹೇಳೋದಾದ್ರೆ ಹೀಗೆ: "ನಾವು ಆಟ ಆಡೋ ಈ ನೆಲ ಬುನುರಾಂಗ್ ಜನರದ್ದು. ಅವರು ಇದನ್ನ ಸಾವಿರಾರು ವರ್ಷ ನೋಡ್ಕೊಂಡಿದ್ದಾರೆ, ಇವತ್ತಿಗೂ ನೋಡ್ಕೊಳ್ತಿದ್ದಾರೆ. ಅವರ ಹಿರಿಯರಿಗೆ ನಮ್ಮ ನಮಸ್ಕಾರ. ದೇವರೇ, ನಾವೂ ಇದನ್ನ ಚೆನ್ನಾಗಿ ನೋಡ್ಕೊಳ್ಳೋ ಹಾಗೆ ಮಾಡು." "ಇವತ್ತಿಗೂ" ಅನ್ನೋ ಪದ ಬಿಡಬೇಡಿ. ಅಬೊರಿಜಿನಲ್ ಜನ ಮ್ಯೂಸಿಯಂ ಸೇರಿದವರು ಅನ್ನೋ ಭಾವನೆ ಮಕ್ಕಳಿಗೆ ಬರಲೇಬಾರದು.

ಎಲ್ಡರನ್ನ ಕರೆಸೋದಾದ್ರೆ ಪ್ಲೀಸ್ ಕೆಲವು ವಿಷಯ ನೆನಪಿಟ್ಕೊಳ್ಳಿ. ಅವರಿಗೆ ಫೀಸ್ ಕೊಡಬೇಕು, ಇದು ಅವರ ಜ್ಞಾನ, ಅವರ ಸಮಯ, ಫ್ರೀಯಾಗಿ ಮಾಡಿಕೊಡಿ ಅಂತ ಕೇಳೋದೇ ತಪ್ಪು. ಬುಕಿಂಗ್ ತಿಂಗಳುಗಳ ಮುಂಚೆ ಮಾಡಿ. ಕಾರ್ ಪಾರ್ಕಿಂಗ್ ಹತ್ತಿರದಲ್ಲೇ ಇರಲಿ, ಕೂರೋಕೆ ಕುರ್ಚಿ, ಕುಡಿಯೋಕೆ ನೀರು, ಬರಮಾಡಿಕೊಳ್ಳೋಕೆ ಒಬ್ಬ ಮನುಷ್ಯ ಗೇಟಲ್ಲಿ. ನಮ್ಮೂರಲ್ಲಿ ಮನೆಗೆ ದೊಡ್ಡವರು ಬಂದ್ರೆ ಏನೇನು ಮಾಡ್ತೀವೋ ಅಷ್ಟೇ. ಇನ್ನೊಂದು, ಇಲ್ಲಿ ಹಿರಿಯರನ್ನ "ಆಂಟಿ", "ಅಂಕಲ್" ಅಂತ ಕರೀತಾರೆ, ನಮ್ಮವರು ಪಕ್ಕದ ಮನೆಯವರಿಂದ ಹಿಡಿದು ತರಕಾರಿ ಅಂಗಡಿಯವರ ತನಕ ಎಲ್ಲರಿಗೂ ಆಂಟಿ ಅನ್ನೋದ್ರಿಂದ ನಮಗೆ ಅದು ಮಾಮೂಲಿ ಅನ್ಸುತ್ತೆ, ಆದ್ರೆ ಅವರಲ್ಲಿ ಅದು ಗೌರವದ ಪದವಿ. "ನಿಮ್ಮನ್ನ ಹೇಗೆ ಕರೆದ್ರೆ ಸರಿ?" ಅಂತ ಮೊದಲೇ ಕೇಳಿ.

ಹೆಜ್ಜೆ 3: ಬಾಯಿಗೆ ಬರೋ ಪದಗಳನ್ನ ಸರಿ ಮಾಡ್ಕೊಳ್ಳಿ

ನಾನು ಮಾಡಿದ ತಪ್ಪನ್ನ ಇಲ್ಲಿ ಹೇಳಲೇಬೇಕು. ಸ್ಕೂಲ್ ಸಾಸೇಜ್ ಸಿಝಲ್ಲಿನಲ್ಲಿ (ಸಾಸೇಜ್ ಸುಟ್ಟು ಮಾರಿ ಹಣ ಕೂಡಿಸೋ ಕಾರ್ಯಕ್ರಮ) ಜೊತೆಗಿದ್ದ ಒಬ್ಬ ತಾಯಿ ತಾನು ಅಬೊರಿಜಿನಲ್ ಅಂದಾಗ, ಅವರ ಬಣ್ಣ ನೋಡಿ ನಾನು "ಹೌದಾ, ಎಷ್ಟು ಭಾಗ?" ಅಂತ ಕೇಳ್ಬಿಟ್ಟೆ. ಅವರ ಮುಖ ಒಂದು ಕ್ಷಣ ಗಟ್ಟಿಯಾಯ್ತು, ಆಮೇಲೆ ಸಮಾಧಾನವಾಗೇ ಹೇಳಿದ್ರು, ಅರ್ಧ ಕಾಲು ಅಂತ ರಕ್ತ ಅಳೆದೇ ನಮ್ಮ ಅಜ್ಜಿಯನ್ನ ಅಮ್ಮನಿಂದ ದೂರ ಮಾಡಿದ್ದು ಅಂತ. ಮನೆಗೆ ಬಂದು ಓದಿದೆ, 1886ರಲ್ಲಿ ಇದೇ ವಿಕ್ಟೋರಿಯಾದಲ್ಲಿ ಒಂದು ಕಾನೂನು ಮಾಡಿ ಮಿಶ್ರ ರಕ್ತದವರು ಅಂತ ಹಣೆಪಟ್ಟಿ ಹಚ್ಚಿ ಮಿಶನ್, ರಿಸರ್ವ್‌ಗಳಿಂದ (ಅಬೊರಿಜಿನಲ್ ಜನರನ್ನ ಇರಿಸಿದ್ದ ಜಾಗಗಳು) ಅವರವರ ಕುಟುಂಬ ಬಿಡಿಸಿ ಆಚೆ ಕಳಿಸಿದ್ರು. ನಾನು ಕೇಳಿದ್ದು ಅದೇ ಲೆಕ್ಕ. ಮರುದಿನ ಹೋಗಿ ಕ್ಷಮೆ ಕೇಳಿದೆ. ಹಾಗಾಗಿ ನೋಡೋಕೆ ಹಾಗೆ ಕಾಣಲ್ಲ, ಎಷ್ಟು ಭಾಗ, ಇವೆರಡು ಮಾತು ಯಾರ ಹತ್ರಾನೂ ಬೇಡ.

ಕನ್ನಡದಲ್ಲಿ ಮಾತಾಡೋವಾಗ "ಕಾಡುಜನ" ಅನ್ನೋ ಪದ ಮಕ್ಕಳ ಮುಂದೆ ಬರಲೇಬಾರದು. ಮೂಲನಿವಾಸಿಗಳು ಅನ್ನಬಹುದು, ಅದಕ್ಕಿಂತ ಒಳ್ಳೇದು ಆ ಜನರ ಹೆಸರನ್ನೇ ಹೇಳೋದು, ವದಾವುರಂಗ್, ದರುಗ್, ಹೀಗೆ. ಟೋರಸ್ ಸ್ಟ್ರೇಟ್ ಐಲ್ಯಾಂಡರ್ಸ್ ಬೇರೆ ಜನ, ಕ್ವೀನ್ಸ್‌ಲ್ಯಾಂಡಿನ ಉತ್ತರದ ದ್ವೀಪಗಳವರು, ಅವರ ಸಂಸ್ಕೃತಿ ಬೇರೆ, ಬಾವುಟಾನೂ ಬೇರೆ. ಕಪ್ಪು, ಕೆಂಪು, ಮಧ್ಯೆ ಹಳದಿ ಸೂರ್ಯ ಇರೋ ಅಬೊರಿಜಿನಲ್ ಬಾವುಟ ಮಾಡಿದ್ದು ಹೆರಾಲ್ಡ್ ಥಾಮಸ್, 1971ರಲ್ಲಿ ಅಡಿಲೇಡಲ್ಲಿ ಮೊದಲ ಸಲ ಹಾರಿಸಿದ್ರು. ಹಸಿರು ನೀಲಿ ಬಾವುಟ ಬರ್ನಾರ್ಡ್ ನಾಮೋಕ್ ಅವರದ್ದು. ಸ್ಕೂಲಲ್ಲಿ ಒಂದೇ ಬಾವುಟ ಕಂಡ್ರೆ ಇನ್ನೊಂದು ಎಲ್ಲಿ ಅಂತ ಕೇಳಿ.

ತೀರಿಹೋದವರ ವಿಷಯ. ಎಷ್ಟೋ ಅಬೊರಿಜಿನಲ್ ಮತ್ತೆ ಟೋರಸ್ ಸ್ಟ್ರೇಟ್ ಸಮುದಾಯಗಳಲ್ಲಿ ತೀರಿಹೋದವರ ಹೆಸರು ಹೇಳೋದು, ಫೋಟೊ ತೋರಿಸೋದು, ದನಿ ಕೇಳಿಸೋದು ನೋವಿನ ವಿಷಯ. ಅದಕ್ಕೇ ಟಿವಿಯಲ್ಲಿ, ಪುಸ್ತಕದಲ್ಲಿ ಮೊದಲೇ ಎಚ್ಚರಿಕೆ ಹಾಕ್ತಾರೆ, ನಾನೂ ಮೇಲೆ ಹಾಕಿದ್ದು ಅದಕ್ಕೇ. ಕ್ಲಾಸಲ್ಲಿ ಪವರ್‌ಪಾಯಿಂಟ್ ತೋರಿಸೋ ಮುಂಚೆ ನೀವೂ ಹೇಳಿ.

ಹೆಜ್ಜೆ 4: ಆಧ್ಯಾತ್ಮವನ್ನ ಕಲಿಯೋದು ಹೇಗೆ

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಸ್ವಲ್ಪ ನಿಧಾನವಾಗಿ ಬರೀತೀನಿ.

"ಕಂಟ್ರಿ" ಅಂದ್ರೆ ಇಲ್ಲಿ ದೇಶ ಅಂತ ಅರ್ಥ ಅಲ್ಲ. ನೆಲ, ನೀರು, ಆಕಾಶ, ಮರ, ಪ್ರಾಣಿ, ಪೂರ್ವಜರು, ಕಥೆ, ಜನ, ಇಷ್ಟೂ ಸೇರಿ ಒಂದು ಬಂಧುತ್ವ. ಆ ನೆಲಕ್ಕೆ ನೀವು ಸೇರಿದವರು, ಅದನ್ನ ನೋಡ್ಕೊಳ್ಳೋದು ನಿಮ್ಮ ಕರ್ತವ್ಯ, ಅದು ನಿಮ್ಮನ್ನ ನೋಡ್ಕೊಳ್ಳುತ್ತೆ. ಇದರ ಹಿಂದಿರೋ ಸೃಷ್ಟಿಯ ಕಥೆ, ಕಟ್ಟಳೆಗಳಿಗೆ ಇಂಗ್ಲಿಷಲ್ಲಿ "ಡ್ರೀಮಿಂಗ್" ಅಂತಾರೆ, ಹೆಸರು ಕೇಳಿ ಕನಸು, ಕಟ್ಟುಕಥೆ ಅಂದ್ಕೋಬೇಡಿ. ಅಣಂಗು ಜನ ಇದಕ್ಕೆ "ಚುಕುರ್ಪಾ" ಅಂತಾರೆ, ಲೋಕ ಹೇಗೆ ಆಯ್ತು, ಹೇಗೆ ಬದುಕಬೇಕು, ಯಾರು ಯಾರಿಗೆ ಏನಾಗಬೇಕು, ಎಲ್ಲಾ ಅದರಲ್ಲೇ ಇದೆ, ಮುಗಿದುಹೋದ ಕಾಲದ ಮಾತಲ್ಲ, ಈಗಲೂ ನಡೀತಾ ಇರೋದು. ಮೆಲ್ಬರ್ನ್ ಕಡೆಯ ಕುಲಿನ್ ಜನರಿಗೆ (ವುರುಂಡ್ಜೆರಿ, ಬುನುರಾಂಗ್, ವದಾವುರಂಗ್ ಎಲ್ಲಾ ಇದರಲ್ಲಿ ಸೇರಿದವರು) ಬುಂಜಿಲ್ ಅನ್ನೋ ಹದ್ದು ಸೃಷ್ಟಿಕರ್ತ, ವಾ ಅನ್ನೋ ಕಾಗೆ ಕಾಯೋನು, ಪ್ರತಿಯೊಬ್ಬರೂ ಇವೆರಡರಲ್ಲಿ ಒಂದು ಪಂಗಡಕ್ಕೆ ಸೇರಿದವರು, ಮದುವೆ ಇನ್ನೊಂದು ಪಂಗಡದಲ್ಲೇ ಆಗಬೇಕು. ಬಳಿ, ಗೋತ್ರ ನೋಡಿ ಬೆಳೆದ ನಮಗೆ ಇದು ಅರ್ಥ ಆಗೋಕೆ ಕಷ್ಟ ಇಲ್ಲ.

ಹಾಗಂತ "ಓ ಇದು ನಮ್ಮ ನಾಗಬನ ಇದ್ದ ಹಾಗೆ, ನಮ್ಮ ಭೂತಕೋಲ ಇದ್ದ ಹಾಗೆ" ಅಂತ ತಕ್ಷಣ ಹೋಲಿಸೋಕೆ ಹೋಗ್ಬೇಡಿ. ಎಲ್ಡರ್ ಒಬ್ರು ತಮ್ಮ ಕಥೆ ಹೇಳ್ತಿರೋವಾಗ ಮಧ್ಯದಲ್ಲಿ ನಮ್ಮ ಕಥೆ ಶುರು ಮಾಡೋದು ನಮ್ಮವರಿಗೆ ದೊಡ್ಡ ಅಭ್ಯಾಸ. ಮೊದಲು ಪೂರ್ತಿ ಕೇಳಿ.

ಆ ಕೇಳೋದಕ್ಕೇ ಒಂದು ಹೆಸರಿದೆ, "ದದಿರಿ". ನಾರ್ದರ್ನ್ ಟೆರಿಟರಿಯ ಡೇಲಿ ನದಿ ದಡದ ನೌಯು ಅನ್ನೋ ಊರಿನ ಹಿರಿಯರು ಮಿರಿಯಂ-ರೋಸ್ ಉಂಗುನ್‌ಮೆರ್-ಬೌಮನ್ ಇದನ್ನ ಹೊರಗಿನವರಿಗೆ ಹಂಚಿಕೊಂಡವರು, 1988ರಲ್ಲಿ. ಟೆರಿಟರಿಯಲ್ಲಿ ಪೂರ್ಣ ಅರ್ಹತೆ ಪಡೆದ ಮೊದಲ ಅಬೊರಿಜಿನಲ್ ಟೀಚರ್ ಅವರು, ಕಲಾವಿದೆ, ಆಮೇಲೆ ತಮ್ಮೂರಿನ ಕ್ಯಾಥೊಲಿಕ್ ಸ್ಕೂಲಿನ ಪ್ರಿನ್ಸಿಪಾಲ್ ಆದ್ರು, 2021ರಲ್ಲಿ ದೇಶದ ಸೀನಿಯರ್ ಆಸ್ಟ್ರೇಲಿಯನ್ ಆಫ್ ದಿ ಇಯರ್. ದದಿರಿ ಅಂದ್ರೆ ಒಳಗಿನಿಂದ ಆಳವಾಗಿ ಕೇಳಿಸ್ಕೊಳ್ಳೋದು, ಅಲುಗಾಡದೆ ಎಚ್ಚರವಾಗಿರೋದು. ಇದನ್ನ ತಮ್ಮ ಜನ ಉಳಿದ ಆಸ್ಟ್ರೇಲಿಯಾಕ್ಕೆ ಕೊಡ್ತಿರೋ ಕೊಡುಗೆ ಅಂತಾನೇ ಅವರು ಹೇಳಿರೋದ್ರಿಂದ ಸ್ಕೂಲಲ್ಲಿ, ಮನೇಲಿ ಮಾಡೋಕೆ ಅಡ್ಡಿ ಇಲ್ಲ. ಅವರಿಗೆ ತಮ್ಮ ಕ್ರೈಸ್ತ ನಂಬಿಕೆಗೂ ಇದಕ್ಕೂ ಜಗಳ ಇಲ್ಲ.

ಮಾಡೋದು ಹೀಗೆ. ಮಕ್ಕಳನ್ನ ಹೊರಗೆ ಮರದ ಹತ್ರ ಕೂರಿಸಿ, ಶೂ ಬಿಚ್ಚಿಸಿದ್ರೆ ಇನ್ನೂ ಒಳ್ಳೇದು. ಮೊದಲೇ ಹೇಳಿ, ಇದು ಯಾರು ಕಲಿಸಿದ್ದು, ಅವರು ಎಲ್ಲಿಯವರು ಅಂತ, ಹೆಸರು ಹೇಳದೆ ಬರೀ "ಮೆಡಿಟೇಶನ್" ಅಂದ್ಬಿಟ್ರೆ ಕದ್ದ ಹಾಗೆ. ಸಣ್ಣವರಿಗೆ ಎರಡು ನಿಮಿಷ, ದೊಡ್ಡವರಿಗೆ ಐದು. ಗಾಳಿ, ಹಕ್ಕಿ, ದೂರದ ರೈಲು, ಏನು ಕೇಳಿಸುತ್ತೋ ಅದನ್ನ ಬರೋಕೆ ಬಿಡಿ. ಶುರುವಲ್ಲಿ ನಗ್ತಾರೆ, ಬೈಬೇಡಿ, ಮೂರ್ನಾಲ್ಕು ಸಲ ಆದ್ಮೇಲೆ ತಾನಾಗೇ ನಿಲ್ಲುತ್ತೆ. ಮುಗಿದ್ಮೇಲೆ ಏನು ಅನಿಸ್ತು ಅಂತ ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳೋದು ಬೇಡ, ಹೇಳೋರು ಹೇಳಲಿ. ನಮ್ಮನೇಲಿ ಭಾನುವಾರ ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮಾಡೋ ಮುಂಚೆ ಹಿತ್ತಲಲ್ಲಿ ಐದು ನಿಮಿಷ ಕೂರ್ತೀವಿ, ಊರಿಂದ ಬಂದಿದ್ದ ನಮ್ಮ ಅತ್ತೆಗೂ ಅದು ಹಿಡಿಸಿತ್ತು.

ಮಾಡಬಾರದ್ದು ಕೆಲವು ಇವೆ. ಮಕ್ಕಳ ಕೈಲಿ ಚುಕ್ಕಿ ಚುಕ್ಕಿ ಪೇಂಟಿಂಗ್ ಮಾಡಿಸಿ ಅಬೊರಿಜಿನಲ್ ಆರ್ಟ್ ಅನ್ನೋದು ಬೇಡ, ಆ ಶೈಲಿ ಮಧ್ಯ ಆಸ್ಟ್ರೇಲಿಯಾದ ಮರುಭೂಮಿ ಜನರದ್ದು, ಪಾಪುನ್ಯಾ ಅನ್ನೋ ಊರಲ್ಲಿ 1971ರ ಹೊತ್ತಿಗೆ ಅದು ಬೋರ್ಡು, ಕ್ಯಾನ್ವಾಸಿಗೆ ಬಂತು, ಪ್ರತಿ ಚಿತ್ರದ ಹಿಂದೆ ಯಾರದ್ದೋ ಮನೆತನದ ಕಥೆ ಇರುತ್ತೆ, ಅದನ್ನ ಬರೆಯೋ ಹಕ್ಕು ಅವರದ್ದು. ಡಿಜರಿಡೂ ಕೂಡ ಉತ್ತರ ಭಾಗದ ವಾದ್ಯ, ಎಷ್ಟೋ ಕಡೆ ಹೆಂಗಸರು ನುಡಿಸಲ್ಲ, ಕ್ಲಾಸಲ್ಲಿ ಪೈಪು ಕೊಟ್ಟು ಎಲ್ಲರ ಕೈಲೂ ಊದಿಸಬೇಡಿ. ಗಂಡಸರಿಗೆ ಮಾತ್ರ, ಹೆಂಗಸರಿಗೆ ಮಾತ್ರ ಅಂತ ಇರೋ ಜ್ಞಾನವೂ ಇದೆ, ಅದನ್ನ ಕೆದಕಿ ಕೇಳಬೇಡಿ. ಬದಲಿಗೆ ಆ ನೆಲದ ಕಲಾವಿದರನ್ನೇ ಕರೆಸಿ, ಅವರು ಏನು ಕಲಿಸ್ತೀನಿ ಅಂತಾರೋ ಅದನ್ನ ಕಲೀರಿ.

ಹೆಜ್ಜೆ 5: ಚರ್ಚಿನ ಪಾಲನ್ನ ಮುಚ್ಚಿಡಬೇಡಿ

ಕ್ಯಾಥೊಲಿಕ್ ಸ್ಕೂಲಲ್ಲಿ ಇದು ಕಷ್ಟದ ಭಾಗ, ಇದನ್ನ ಬಿಟ್ಟು ಬರೀ ಹಾಡು, ಬಾವುಟ, ಕಪ್‌ಕೇಕ್ ಮಾಡಿದ್ರೆ ಅದಕ್ಕೆ ರೆಕನ್ಸಿಲಿಯೇಶನ್ ಅನ್ನೋಕೆ ನನಗೆ ಮನಸ್ಸು ಬರಲ್ಲ. ಸುಮಾರು 1910ರಿಂದ 1970ರ ತನಕ ಸರ್ಕಾರದ ಕಾನೂನುಗಳಡಿ ಅಬೊರಿಜಿನಲ್ ಮತ್ತೆ ಟೋರಸ್ ಸ್ಟ್ರೇಟ್ ಮಕ್ಕಳನ್ನ ಮನೆಯಿಂದ ಎತ್ಕೊಂಡು ಹೋದ್ರು, ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದು ಮಗು ಅಂತ 1997ರ ಮೇ 26ರಂದು ಪಾರ್ಲಿಮೆಂಟಿಗೆ ಬಂದ ವರದಿ ಹೇಳುತ್ತೆ. ಆ ಮಕ್ಕಳನ್ನ ಇಟ್ಕೊಂಡ ಜಾಗಗಳಲ್ಲಿ ಚರ್ಚಿನ ಮಿಶನ್‌ಗಳೂ, ಹಾಸ್ಟೆಲ್‌ಗಳೂ ಇದ್ದವು, ಕ್ಯಾಥೊಲಿಕ್ ಚರ್ಚಿನದ್ದೂ ಸೇರಿ. ಭಾಷೆ ಮಾತಾಡಬಾರದು, ಹೆಸರು ಬೇರೆ, ಅಮ್ಮನ ಕಾಗದ ಕೈಗೆ ಸಿಗಲ್ಲ. ಪೋಪ್ ಎರಡನೇ ಜಾನ್ ಪಾಲ್ 2001ರಲ್ಲಿ ಓಷಿಯಾನಿಯಾ ಬಗ್ಗೆ ಬರೆದ ದಾಖಲೆಯಲ್ಲಿ ಚರ್ಚಿನ ಮಕ್ಕಳು ಮಾಡಿದ ಅನ್ಯಾಯಕ್ಕೆ, ಮುಖ್ಯವಾಗಿ ಮಕ್ಕಳನ್ನ ಬಲವಂತವಾಗಿ ಬೇರೆ ಮಾಡಿದ್ದಕ್ಕೆ ವಿಷಾದ ಹೇಳಿದ್ರು. ಸರ್ಕಾರದ ಪರವಾಗಿ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ಕ್ಕೆ.

ಇನ್ನೊಂದು ಮಗ್ಗುಲೂ ಇದೆ. ಅದೇ ಮಿಶನ್‌ಗಳಲ್ಲಿ ಬೆಳೆದ ಎಷ್ಟೋ ಅಬೊರಿಜಿನಲ್ ಜನ ಇವತ್ತಿಗೂ ನಂಬಿಕೆಯ ಕ್ಯಾಥೊಲಿಕರು, ಪಶ್ಚಿಮ ಆಸ್ಟ್ರೇಲಿಯಾದ ಬೀಗಲ್ ಬೇ ಊರಿನ ಚರ್ಚಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ ಪೀಠ ಇದೆ, ಅದು ಅವರ ಹೆಮ್ಮೆ. ನೋವೂ ನಂಬಿಕೆಯೂ ಒಂದೇ ಮನೇಲಿ ಇರುತ್ತೆ, ಅದನ್ನ ನಾವು ಬಿಡಿಸಿ ತೀರ್ಪು ಕೊಡೋಕೆ ಹೋಗೋದು ಬೇಡ. 1986ರ ನವೆಂಬರ್ 29ರಂದು ಆಲಿಸ್ ಸ್ಪ್ರಿಂಗ್ಸಲ್ಲಿ ಅದೇ ಪೋಪ್ ಜಾನ್ ಪಾಲ್ ಅಬೊರಿಜಿನಲ್ ಮತ್ತೆ ಟೋರಸ್ ಸ್ಟ್ರೇಟ್ ಜನರ ಮುಂದೆ ನಿಂತು, ನಿಮ್ಮ ಕೊಡುಗೆಯನ್ನ ಉಳಿದವರು ಸಂತೋಷದಿಂದ ಸ್ವೀಕರಿಸೋ ತನಕ ಇಲ್ಲಿನ ಚರ್ಚ್ ಯೇಸುವಿಗೆ ಬೇಕಾದ ಹಾಗೆ ಪೂರ್ತಿ ಆಗಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ನಮ್ಮ ಸ್ಕೂಲಿನ ಗುಂಪು ಯಾವುದೇ ಪ್ಲಾನ್ ಮಾಡೋವಾಗ ಮೊದಲು ಓದೋದು ಆ ಮಾತನ್ನೇ.

ಮಂಗಳೂರಿನವಳಾಗಿ ನನಗೆ ಇದು ಬೇಗ ತಟ್ಟಿತು. ನಮ್ಮಲ್ಲಿ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಮಕ್ಕಳು ಪುಟ್ಟ ಮರಿಯಮ್ಮನಿಗೆ ಹೂವು ಹಾಕ್ತಾರೆ, ಹೊಸ ತೆನೆಯನ್ನ ಚರ್ಚಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತಂದು ಹೊಸ ಅಕ್ಕಿ ಊಟ ಮಾಡ್ತೀವಿ. ಕ್ರಿಶ್ಚಿಯನ್ ಆಗಿದ್ದಕ್ಕೆ ತೆನೆ ಹಬ್ಬ ಬಿಡಿ ಅಂತ ನಮ್ಮ ಅಜ್ಜಿಗೆ ಯಾರೂ ಹೇಳಲಿಲ್ಲ. ಇಲ್ಲಿನ ಅಜ್ಜಿಯರಿಗೆ ಹೇಳಿದ್ರು.

ಮಕ್ಕಳಿಗೆ ಇದನ್ನ ವಯಸ್ಸು ನೋಡಿ ಹೇಳಿ. ಪ್ರೆಪ್, ಗ್ರೇಡ್ 1ಕ್ಕೆ "ಕೆಲವು ಮಕ್ಕಳನ್ನ ಅಪ್ಪ ಅಮ್ಮನಿಂದ ದೂರ ಮಾಡಿದ್ರು, ಅದು ತಪ್ಪು, ಅವರಿಗೆ ತುಂಬಾ ದುಃಖ ಆಯ್ತು" ಇಷ್ಟು ಸಾಕು. ಗ್ರೇಡ್ 5, 6ಕ್ಕೆ ಕಾನೂನು, ಚರ್ಚ್ ಎಲ್ಲಾ ಹೇಳಬಹುದು. ಕ್ಲಾಸಲ್ಲಿ ಅಬೊರಿಜಿನಲ್ ಮಗು ಇದ್ರೆ ಆ ಮಗುವನ್ನ ಎಬ್ಬಿಸಿ "ನಿಮ್ಮನೆ ಕಥೆ ಹೇಳು" ಅಂತ ಯಾವತ್ತೂ ಕೇಳಬಾರದು, ಮನೆಯವರಿಗೆ ಮುಂಚೇನೇ ಈ ವಾರ ಈ ಪಾಠ ಇದೆ ಅಂತ ಟೀಚರ್ ತಿಳಿಸಬೇಕು. ಅವರಿಗೆ ಅದು ಇತಿಹಾಸದ ಪಾಠ ಅಲ್ಲ, ಅಜ್ಜಿಯ ವಿಷಯ.

ಹೆಜ್ಜೆ 6: ಬಲಿಪೂಜೆ (ಚರ್ಚಿನ ಮಾಸ್), ಪ್ರಾರ್ಥನೆಯಲ್ಲಿ ಏನು ಸೇರಿಸೋದು

ಇಲ್ಲಿ ನಿಯಮ ಒಂದೇ, ಫಾದರ್ ಮತ್ತೆ ಆ ನೆಲದ ಹಿರಿಯರು ಇಬ್ಬರೂ ಒಪ್ಪಿದ್ದನ್ನ ಮಾತ್ರ ಮಾಡಿ. ಪೂಜೆ ಶುರುವಾಗೋ ಮುಂಚೆ ಅಕ್ನಾಲಜ್‌ಮೆಂಟ್ ಹೇಳೋಕೆ ಸಾಮಾನ್ಯವಾಗಿ ತಕರಾರು ಇರಲ್ಲ. ಸ್ಮೋಕಿಂಗ್ ಸೆರಮನಿ ಅಂದ್ರೆ ವ್ಯಾಟಲ್, ಗಮ್, ಚೆರಿ ಬ್ಯಾಲಾರ್ಟ್ ತರಹದ ಇಲ್ಲಿನ ಗಿಡಗಳ ಹಸಿ ಸೊಪ್ಪಿನ ಹೊಗೆ ಹಾಕಿ ಜಾಗ, ಜನ ಶುದ್ಧ ಮಾಡೋದು, ಅದನ್ನ ಮಾಡೋದು ಅವರೇ, ಟೀಚರ್ ಗೂಗಲ್ ನೋಡಿ ಮಾಡೋದಲ್ಲ. ಸಾಂಬ್ರಾಣಿ ಹೊಗೆಯಲ್ಲಿ ಬೆಳೆದ ನಮಗೆ ಹೊಗೆಯ ಪ್ರಾರ್ಥನೆ ಹೊಸದೇನಲ್ಲ. ಹಾಲ್ ಒಳಗೆ ಬೇಡ, ಫೈರ್ ಅಲಾರಂ ಹೊಡ್ಕೊಳ್ಳುತ್ತೆ, ಹೊರಗೆ ಮಾಡಿ, ಆಸ್ತಮಾ ಇರೋ ಮಕ್ಕಳನ್ನ ಗಾಳಿ ಬರೋ ಕಡೆ ನಿಲ್ಲಿಸಿ, ಇನ್‌ಹೇಲರ್ ಕೈಯಲ್ಲಿರಲಿ. ಪ್ರಾರ್ಥನೆ ಮೂಲೆಯಲ್ಲಿ ಇಡೋಕೆ ಕೂಲಮನ್ ಅಂದ್ರೆ ಅವರ ಮರದ ತಟ್ಟೆ ಕೊಳ್ಳೋದಾದ್ರೆ ಯಾರು ಮಾಡಿದ್ದು, ಯಾವ ಜನ ಅಂತ ಬರೆದಿರೋದನ್ನೇ ಕೊಳ್ಳಿ, ಟೂರಿಸ್ಟ್ ಅಂಗಡಿಯ ನಕಲಿ ಮಾಲು ಬೇಡ. ಸಪ್ಲೈ ನೇಶನ್ ಪಟ್ಟಿಯಲ್ಲಿ ಅವರದ್ದೇ ವ್ಯಾಪಾರಗಳು ಸಿಗ್ತಾವೆ.

ಜುಲೈ ತಿಂಗಳ ಮೊದಲ ಭಾನುವಾರ ಆಸ್ಟ್ರೇಲಿಯಾದ ಚರ್ಚುಗಳಲ್ಲಿ ಅಬೊರಿಜಿನಲ್ ಮತ್ತೆ ಟೋರಸ್ ಸ್ಟ್ರೇಟ್ ಐಲ್ಯಾಂಡರ್ ಭಾನುವಾರ. ನ್ಯಾಟ್ಸಿಕ್ ಅನ್ನೋ ಅವರದ್ದೇ ಕ್ಯಾಥೊಲಿಕ್ ಕೌನ್ಸಿಲ್ ಆ ದಿನಕ್ಕೆ ಪ್ರಾರ್ಥನೆ, ವಾಚನ, ಮಕ್ಕಳ ಚಟುವಟಿಕೆ ಎಲ್ಲಾ ತಯಾರು ಮಾಡಿ ಕೊಡುತ್ತೆ, ನಾವು ಹೊಸದಾಗಿ ಏನೂ ಸೃಷ್ಟಿ ಮಾಡಬೇಕಾಗಿಲ್ಲ, ಅದನ್ನ ಪ್ಯಾರಿಶ್ ಆಫೀಸಿಗೆ ತಲುಪಿಸಿದ್ರೆ ಸಾಕು. ಪೋಪ್ ಫ್ರಾನ್ಸಿಸ್ 2015ರ ಲೌದಾತೊ ಸಿ ಪತ್ರದಲ್ಲಿ ಮೂಲನಿವಾಸಿಗಳಿಗೆ ನೆಲ ಮಾರೋ ಸರಕಲ್ಲ, ದೇವರು ಮತ್ತೆ ಪೂರ್ವಜರು ಕೊಟ್ಟದ್ದು ಅಂತ ಬರೆದ ಭಾಗ ಇದೆ, 146ನೇ ಪ್ಯಾರಾ, ಅದನ್ನ ಹೈಸ್ಕೂಲ್ ಮಕ್ಕಳಿಂದ ಓದಿಸಬಹುದು.

ಹೆಜ್ಜೆ 7: ದಿನಾಂಕಗಳು, ಗುಂಪು, ಕೆಲಸ

ರೆಕನ್ಸಿಲಿಯೇಶನ್ ವೀಕ್ ಪ್ರತಿ ವರ್ಷ ಮೇ 27ರಿಂದ ಜೂನ್ 3. ಎರಡೂ ತುದಿಗೆ ಕಾರಣ ಇದೆ. 1967ರ ಮೇ 27ರ ಜನಮತದಲ್ಲಿ ಶೇ. 90ಕ್ಕಿಂತ ಹೆಚ್ಚು ಜನ ಯೆಸ್ ಅಂದು ಅಬೊರಿಜಿನಲ್ ಜನರನ್ನ ಜನಗಣತಿಯಲ್ಲಿ ಸೇರಿಸೋ ಹಾಗೆ, ಅವರಿಗಾಗಿ ಕೇಂದ್ರ ಸರ್ಕಾರ ಕಾನೂನು ಮಾಡೋ ಹಾಗೆ ಆಯ್ತು (ವೋಟು ಹಾಕೋ ಹಕ್ಕು ಆಗ ಸಿಕ್ಕಿದ್ದು ಅಂತ ಹೇಳ್ತಾರೆ, ಅದು ತಪ್ಪು, ಕೇಂದ್ರದ ಚುನಾವಣೆಗೆ 1962ರಲ್ಲೇ ಸಿಕ್ಕಿತ್ತು). 1992ರ ಜೂನ್ 3ರಂದು ಹೈಕೋರ್ಟ್ (ಇಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟ್), ಈ ನೆಲ ಯಾರದ್ದೂ ಆಗಿರಲಿಲ್ಲ ಅನ್ನೋ ಸುಳ್ಳನ್ನ ತಳ್ಳಿಹಾಕಿತು, ಕೇಸ್ ಹಾಕಿದ ಟೋರಸ್ ಸ್ಟ್ರೇಟಿನ ಮೆರ್ ದ್ವೀಪದ ಎಡ್ಡಿ ಮಾಬೊ ಆ ತೀರ್ಪು ಕೇಳೋಕೆ ಇರಲಿಲ್ಲ, ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ರು. ಮೇ 26 ಸಾರಿ ಡೇ, ಮನೆಯಿಂದ ಎತ್ಕೊಂಡು ಹೋದ ಆ ಮಕ್ಕಳನ್ನ ನೆನೆಯೋ ದಿನ, ಅವತ್ತು ಕೇಕ್, ಪಾರ್ಟಿ ಏನೂ ಬೇಡ. ನೈಡಾಕ್ ವೀಕ್ ಜುಲೈ ಮೊದಲ ವಾರ, ಅದು ಅಬೊರಿಜಿನಲ್ ಮತ್ತೆ ಟೋರಸ್ ಸ್ಟ್ರೇಟ್ ಜನರ ಸಂಸ್ಕೃತಿಯ ಸಂಭ್ರಮದ ವಾರ, ನಮ್ಮ ವಿಕ್ಟೋರಿಯಾದಲ್ಲಿ ಆಗ ಸ್ಕೂಲ್ ರಜೆ ಇರೋದ್ರಿಂದ ಹೆಚ್ಚಿನ ಸ್ಕೂಲುಗಳು ಹಿಂದೆ ಮುಂದೆ ಮಾಡ್ಕೊಳ್ತಾವೆ.

ಸ್ಕೂಲಿಗೆ ರೆಕನ್ಸಿಲಿಯೇಶನ್ ಆಕ್ಷನ್ ಪ್ಲಾನ್ ಇದೆಯಾ ಅಂತ ಆಫೀಸಲ್ಲಿ ಕೇಳಿ. ರೆಕನ್ಸಿಲಿಯೇಶನ್ ಆಸ್ಟ್ರೇಲಿಯಾ ಸಂಸ್ಥೆಯ "ನರಗುನ್ನವಾಲಿ" ಅನ್ನೋ ಕಾರ್ಯಕ್ರಮದಲ್ಲಿ ಸ್ಕೂಲುಗಳು ಫ್ರೀಯಾಗಿ ಪ್ಲಾನ್ ಮಾಡಬಹುದು, ಕ್ಲಾಸಲ್ಲಿ, ಸ್ಕೂಲ್ ಸುತ್ತ, ಸಮುದಾಯದ ಜೊತೆ ಅಂತ ಮೂರು ಕಡೆ ಕೆಲಸ ಹಂಚಿರುತ್ತೆ, ಆ ಗುಂಪಿಗೆ ಪೇರೆಂಟ್ಸೂ ಬೇಕು. ವಿಕ್ಟೋರಿಯಾದ ಕ್ಯಾಥೊಲಿಕ್ ಸ್ಕೂಲುಗಳಲ್ಲಿ "ಫೈರ್ ಕ್ಯಾರಿಯರ್" ಅಂತ ಇನ್ನೊಂದಿದೆ, ಮಕ್ಕಳೇ ಪ್ರತಿಜ್ಞೆ ಮಾಡಿ ಸ್ನೇಹದ ಬೆಂಕಿ ಹೊತ್ತವರಾಗ್ತಾರೆ. ನಾನು ಗುಂಪಿಗೆ ಸೇರಿದ್ದು ಮೀಟಿಂಗ್‌ಗೆ ಮಸಾಲೆ ಚಾ ಮಾಡಿ ತರ್ತೀನಿ ಅಂತ ಹೇಳಿ, ಈಗ ಎಲ್ಡರ್‌ಗಳ ಬುಕಿಂಗ್ ನೋಡ್ಕೊಳ್ಳೋದು ನನ್ನ ಕೆಲಸ.

ಇನ್ನೊಂದು ಮಾತು. 2023ರ ಅಕ್ಟೋಬರ್ 14ರ ವಾಯ್ಸ್ ಜನಮತದಲ್ಲಿ (ಪಾರ್ಲಿಮೆಂಟಿಗೆ ಸಲಹೆ ಕೊಡೋ ಮೂಲನಿವಾಸಿಗಳ ಮಂಡಳಿಯನ್ನ ಸಂವಿಧಾನದಲ್ಲಿ ಸೇರಿಸಬೇಕಾ ಅನ್ನೋ ಪ್ರಶ್ನೆ) ಶೇ. 60ರಷ್ಟು ಜನ ನೋ ಅಂದ್ರು. ಅದಾದ ವಾರ ಆ ಸಾಸೇಜ್ ಸಿಝಲ್ಲಿನ ತಾಯಿ ಪಿಕಪ್‌ಗೆ ಬಂದವರು ಕಾರಿಂದ ಇಳೀಲೇ ಇಲ್ಲ. ನೀವು ಯಾವುದಕ್ಕೆ ವೋಟ್ ಹಾಕಿದ್ರಿ ಅಂತ ನಾನು ಕೇಳ್ತಿಲ್ಲ, ನಿಮ್ಮ ಸ್ಕೂಲಲ್ಲಿ ಅಂಥ ಕುಟುಂಬ ಇದ್ರೆ ಕಾರಿನ ಹತ್ರ ಹೋಗಿ ಮಾತಾಡ್ಸಿ, ಮಕ್ಕಳ ಬಗ್ಗೆ, ಟ್ರಾಫಿಕ್ ಬಗ್ಗೆ, ಏನಾದ್ರೂ ಸರಿ. ಬರ್ತ್‌ಡೇಗೆ ಕರೀರಿ.

ಕೊನೆಗೆ ಪ್ರಾಕ್ಟಿಕಲ್ ಆಗಿ ಒಂದು: ಈ ವಾರಾನೇ ಎರಡು ಕೆಲಸ ಮಾಡಿ. ಸ್ಕೂಲ್ ಆಫೀಸಿಗೆ ಈಮೇಲ್ ಹಾಕಿ ಆಕ್ಷನ್ ಪ್ಲಾನ್ ಗುಂಪಿನ ಮುಂದಿನ ಮೀಟಿಂಗ್ ಯಾವಾಗ ಅಂತ ಕೇಳಿ, ಮತ್ತೆ ಮೇ ಕೊನೆಗೆ ಎಲ್ಡರ್ ಬೇಕಿದ್ರೆ ಬುಕಿಂಗ್ ಫಾರ್ಮನ್ನ ಟರ್ಮ್ 1 ಶುರುವಲ್ಲೇ ಕಳಿಸೋಕೆ ಹೇಳಿ. ಕಳೆದ ಸಲ ನಾವು ಮೇ ಎರಡನೇ ವಾರ ಫೋನ್ ಮಾಡಿದ್ವಿ, ಎಲ್ಲಾ ದಿನಾನೂ ಫುಲ್ ಆಗಿತ್ತು.